ಗಾರ್ಮಿನ್ ವಾಚಿನಿಂದ ಓಟದ ದಾಖಲೆ ಇಳಿಸಿಕೊಳ್ಳಲು ಫೋನ್ ಆ್ಯಪ್ ಬೇಕೇಬೇಕಾ?

ಬೇಕಿಲ್ಲ. ಗಾರ್ಮಿನ್‌ನ ಓಟದ ವಾಚು ಹಳೇ ಫೋರ್‌ರನ್ನರ್ ಇದೆ, ಆ್ಯಪಿನ ಸಹವಾಸ ಬೇಡ, ಓಟದ ದಾಖಲೆ ಮಾತ್ರ ಕಂಪ್ಯೂಟರಿಗೆ ಬರಬೇಕು ಅಂದಿದ್ದೀರಿ. ನಾನೂ ಹಾಗೇ ಮಾಡುವವನು. ಒಂದು ಕೇಬಲ್ ಸಾಕು.

ಆ ಕೇಬಲ್ಲಿಗೇ ನನ್ನ ಎರಡು ಸಂಜೆ ಹೋದವು. ವಾಚಿನ ಜೊತೆ ಬಂದದ್ದು ಕಳೆದುಹೋಗಿ, ಅಂಗಡಿಯಲ್ಲಿ ಅಗ್ಗದ್ದೊಂದು ತಂದಿದ್ದೆ. ಚಾರ್ಜ್ ಏನೋ ಆಗುತ್ತಿತ್ತು, ಕಂಪ್ಯೂಟರ್ ಮಾತ್ರ ವಾಚಿನ ಗುರುತೇ ಇಲ್ಲದಂತೆ ಕೂತಿತ್ತು. ಒಳಗೆ ಕರೆಂಟಿನ ತಂತಿ ಇತ್ತು, ಡೇಟಾದ್ದು ಇರಲಿಲ್ಲ! ಸರಿಯಾದ ಕೇಬಲ್ ಇದ್ದೂ ಕಾಣದಿದ್ದರೆ ವಾಚಿನ ಬೆನ್ನಿನ ಪಿನ್ನುಗಳನ್ನು ನೋಡಿ, ಬೆವರಿನ ಉಪ್ಪು ಕಟ್ಟಿರುತ್ತದೆ. ಒದ್ದೆ ಟೂತ್‌ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ ಸಿಕ್ಕಿಸಿ.

ಹಳೇ ಮಾಡೆಲ್ಲುಗಳು ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತವೆ. ಗಾರ್ಮಿನ್ ಫೋಲ್ಡರಿನೊಳಗೆ ಆಕ್ಟಿವಿಟಿ ಅಂತ ಇನ್ನೊಂದು ಫೋಲ್ಡರ್, ಅದರೊಳಗೆ ಒಂದು ಓಟಕ್ಕೆ ಒಂದು ಫಿಟ್ ಫೈಲ್, ಅಂದರೆ ವಾಚು ಓಟದ ದಾಖಲೆ ಬರೆದಿಡುವ ಫೈಲ್. ಕಾಪಿ ಮಾಡಿ, ಅಷ್ಟೇ. ಬೇರೆ ಫೋಲ್ಡರುಗಳಿಗೆ ಕೈಹಾಕಬೇಡಿ. ಹೊಸ ವಾಚುಗಳು ಪೆನ್‌ಡ್ರೈವ್ ಥರವಲ್ಲದೆ ಎಂಟಿಪಿ ಎಂಬ ಬೇರೆ ಫೈಲ್ ಸಾಗಣೆ ವಿಧಾನ ಬಳಸುವುದರಿಂದ ಮ್ಯಾಕ್‌ನಲ್ಲಿ ಓಪನ್‌ಎಂಟಿಪಿಯಂಥ ಪ್ರೋಗ್ರಾಂ ಬೇಕಾಗುತ್ತದೆ. ತಡ ಮಾಡಬೇಡಿ, ಮೆಮೊರಿ ತುಂಬಿದರೆ ವಾಚು ಹಳೇ ಓಟದ ಮೇಲೇ ಹೊಸದನ್ನು ಬರೆಯುತ್ತದೆ.

ಬಹಳ ಆ್ಯಪುಗಳು ಓದುವ ಜಿಪಿಎಕ್ಸ್ ಎಂಬ ಫೈಲ್ ರೂಪಕ್ಕೆ ಬದಲಿಸಿಟ್ಟುಕೊಂಡರೆ ಸಾಲದೇ ಅನ್ನುತ್ತೀರೇನೋ. ನನ್ನ ಮಟ್ಟಿಗೆ ಸಾಲದು. ಜಿಪಿಎಕ್ಸ್ ಹುಟ್ಟಿದ್ದು ದಾರಿ ಬರೆದಿಡಲಿಕ್ಕೆ. ಎದೆಬಡಿತಕ್ಕೆ ಅದರಲ್ಲಿ ಸ್ವಂತ ಜಾಗವಿಲ್ಲ, ಎಕ್ಸ್‌ಟೆನ್ಶನ್ ಅಂತ ಬಾಲ ಅಂಟಿಸಬೇಕು. ಲ್ಯಾಪುಗಳಂತೂ, ಅಂದರೆ ಓಟವನ್ನು ವಾಚು ಭಾಗ ಮಾಡಿದ ಲೆಕ್ಕವಂತೂ, ಹೋದಂತೆಯೇ. ಫಿಟ್ ಫೈಲಿನಲ್ಲಿ ವಾಚು ಬರೆದದ್ದೆಲ್ಲ ಇರುತ್ತದೆ. ಅದನ್ನೇ ಜೋಪಾನ ಮಾಡಿ. ಜಿಪಿಎಕ್ಸ್ ಬೇಕಾದಾಗ ಜಿಪಿಎಸ್‌ಬೇಬಲ್ ಎಂಬ ಪ್ರೋಗ್ರಾಂ ಮಾಡಿಕೊಡುತ್ತದೆ. ಗ್ರಾಫ್ ನೋಡಲಿಕ್ಕೆ ಗೋಲ್ಡನ್‌ಚೀತಾ ಇದೆ. ಎರಡೂ ಪುಕ್ಕಟೆ.

ಫಿಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಬರೀ ಕಸ ಕಾಣುತ್ತದೆ, ಗಾಬರಿ ಬೇಡ, ಅದು ಬೈನರಿ, ಕಂಪ್ಯೂಟರ್ ಮಾತ್ರ ಓದುವಂಥದ್ದು. ಅದನ್ನು ಸಿಎಸ್‌ವಿ, ಅಂದರೆ ಸಾಲುಸಾಲಾಗಿ ಓದಬಹುದಾದ ಪಟ್ಟಿ, ಮಾಡಿ ನೋಡಿದಾಗ ನಾನೂ ಬೆಚ್ಚಿದ್ದೆ: ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡಿದ್ದಕ್ಕೆ ಅಕ್ಷಾಂಶ 14 ಕೋಟಿ 68 ಲಕ್ಷ ಚಿಲ್ಲರೆ! ಫಿಟ್ 180 ಡಿಗ್ರಿಯನ್ನು 2147483648 ಪಾಲು ಮಾಡಿ ಎಣಿಸುತ್ತದೆ. 180ರಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದೆ, 12.3 ಬಂತು. ಮೈಸೂರೇ, ಸದ್ಯ. ಸಮಯವೂ ಹೀಗೇ, 1989ರ ಡಿಸೆಂಬರ್ 31ರಿಂದ ಸೆಕೆಂಡು ಎಣಿಕೆ, ಅದೂ ಯುಟಿಸಿ ಎಂಬ ವಿಶ್ವ ಸಮಯದಲ್ಲಿ. ಭಾರತದ ಸಮಯಕ್ಕೆ ಐದೂವರೆ ಗಂಟೆ ನೀವೇ ಕೂಡಿಸಿಕೊಳ್ಳಬೇಕು.

ಆ ಫೈಲನ್ನು ಯಾರಿಗಾದರೂ ಕಳಿಸುವ ಮುಂಚೆ ಮೊದಲ ಸಾಲುಗಳನ್ನು ನೋಡಿ. ನನ್ನದು ನಮ್ಮ ಮನೆ ಗೇಟಿನಿಂದಲೇ ಶುರುವಾಗುತ್ತಿತ್ತು. ಈಗ ಕೆರೆ ತಲುಪಿದ ಮೇಲೇ ಸ್ಟಾರ್ಟ್ ಒತ್ತುತ್ತೇನೆ.