ಮೂಟೆ ಹೊರುವವರು ‘ವ್ಯಾಯಾಮ ಇಲ್ಲ’ ಅಂತ ಒತ್ತಿದಾಗ

ಚಿಕ್ಕಮಗಳೂರಿನಲ್ಲಿ ನಾನು ಆಪ್ತಸಲಹೆ ಮಾಡುವವಳು. ಕಾಫಿ ಕೊಯ್ಲು ಶುರುವಾದರೆ ನನ್ನ ಹತ್ತಿರ ಒಂದೇ ತರಹದ ದೂರು ತರುವವರು ಜಾಸ್ತಿ. ಗಂಡನಿಗೆ ಸಿಟ್ಟು ಹೆಚ್ಚಾಗಿದೆ, ರಾತ್ರಿ ನಿದ್ದೆ ಇಲ್ಲ, ಮಾತಾಡಿಸಿದರೆ ಮೈಮೇಲೆ ಬರ್ತಾರೆ. ಕುಡಿತ ಇರಬೇಕು, ಇಲ್ಲ ಸಾಲ ಇರಬೇಕು ಅಂತ ಮನೆಯವರು ಅಂದುಕೊಂಡಿರುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಈಚೆಗೆ ಇನ್ನೊಂದು ಕಾರಣ ಮತ್ತೆ ಮತ್ತೆ ಸಿಗುತ್ತಿದೆ: ಮೈಮುರಿದು ದುಡಿಯುವವರು ಫೋನ್ ಹೇಳಿದ ಮಾತು ಕೇಳಿ ಅರೆಹೊಟ್ಟೆಯಲ್ಲಿ ಇರುವುದು. ಅದಕ್ಕೇ ಅಂಥ ಒಬ್ಬರ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು 31. ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಸಂಸ್ಕರಿಸುವ ಕಾರ್ಖಾನೆಯಲ್ಲಿ, ಲೋಡಿಂಗ್ ಕೆಲಸ. ಲಾರಿಯಿಂದ ಕಾಫಿ ಮೂಟೆ ಇಳಿಸುವುದು, ಗೋಡೌನ್‌ನಲ್ಲಿ ಅಟ್ಟಿ ಹಾಕುವುದು, ಮತ್ತೆ ಲಾರಿಗೆ ಏರಿಸುವುದು. ಹೆಂಡತಿ, ಒಂದು ಮಗು. ತಂಗಿ ಮದುವೆ ಫೋಟೊದಲ್ಲಿ ಹೊಟ್ಟೆ ಮುಂದೆ ಬಂದಿದ್ದು ನೋಡಿ ಸ್ನೇಹಿತರು ಆಡಿಕೊಂಡರಂತೆ. ಅಲ್ಲಿಂದ ಫೋನಿನ ಆ್ಯಪ್ ನೋಡಿ ಡಯಟ್ ಶುರು. ಆರು ವಾರದಲ್ಲಿ 75 ಕೆಜಿಯಿಂದ 68ಕ್ಕೆ ಇಳಿದಿದ್ದರು. ತಲೆ ಸುತ್ತುತ್ತೆ ಅಂತ ಡಾಕ್ಟರ್ ಹತ್ತಿರ ಹೋದರೆ ಶುಗರ್, ಥೈರಾಯ್ಡ್, ರಕ್ತ ಎಲ್ಲ ಸರಿ ಇತ್ತು. ಟೆನ್ಷನ್ ಇರಬಹುದು ಅಂತ ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಎರಡನೇ ಸಲ ಹೆಂಡತಿಯೂ ಬಂದರು. ಮಗುವಿನ ಮೇಲೆ ಕೈ ಎತ್ತಿದ ವಿಷಯ ಹೇಳುತ್ತಾ ಹೇಳುತ್ತಾ ಅವರ ಬಾಯಿಂದ ಒಂದು ಮಾತು ಬಂತು: ‘ತಟ್ಟೆಗೆ ಹಾಕಿದ ಮುದ್ದೆನ ಅರ್ಧ ಮುರಿದು ವಾಪಸ್ ಪಾತ್ರೆಗೆ ಹಾಕ್ತಾರೆ ಮೇಡಂ. ಆಮೇಲೆ ನಡುರಾತ್ರಿ ಎದ್ದು ಬೆಲ್ಲದ ಡಬ್ಬಿ ಹುಡುಕ್ತಾರೆ. ಲೈಟ್ ಕೂಡ ಹಾಕಲ್ಲ.’ ಗಂಡ ತಲೆ ತಗ್ಗಿಸಿದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಮುಖ ಕೆಂಪಾಯಿತು.

ನಾನು ಸಿಟ್ಟಿನ ಮಾತು ಅಲ್ಲಿಗೇ ಬಿಟ್ಟೆ. ಫೋನ್ ತೋರಿಸಿ ಅಂದೆ. ಆ್ಯಪ್‌ನಲ್ಲಿ ದಿನಕ್ಕೆ 1,410 ಕ್ಯಾಲೊರಿ ಅಂತ ಇತ್ತು. ಎತ್ತರ 170 ಸೆಂ.ಮೀ., ತೂಕ, ವಯಸ್ಸು ಎಲ್ಲ ಸರಿಯಾಗೇ ಹಾಕಿದ್ದರು, ತೂಕ ಇಳಿದಂತೆಲ್ಲ ಬದಲಿಸಿಯೂ ಇದ್ದರು. ಅದರ ಕೆಳಗೆ ‘ವಾರಕ್ಕೆ ಎಷ್ಟು ದಿನ ವ್ಯಾಯಾಮ ಮಾಡುತ್ತೀರಿ’ ಅನ್ನುವ ಪ್ರಶ್ನೆ. ‘ಇಲ್ಲ ಅಥವಾ ಬಹಳ ಕಡಿಮೆ’ ಅಂತ ಒತ್ತಿದ್ದರು.

‘ಯಾಕೆ ಹೀಗೆ ಒತ್ತಿದಿರಿ?’ ಅಂತ ಕೇಳಿದೆ.

‘ನಾನೆಲ್ಲಿ ಜಿಮ್‌ಗೆ ಹೋಗ್ತೀನಿ ಮೇಡಂ? ಮೂಟೆ ಹೊರೋದು ಕೆಲಸ ಅಲ್ವಾ?’

ಈ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಅವರದು ಪ್ರಾಮಾಣಿಕ ಉತ್ತರ. ಆ ಪ್ರಶ್ನೆ ಬರೆದವರ ಕಣ್ಣ ಮುಂದೆ ಇದ್ದದ್ದು ಇಡೀ ದಿನ ಕುರ್ಚಿಯಲ್ಲಿ ಕೂತು ಸಂಜೆ ಜಿಮ್‌ಗೆ ಹೋಗುವವರು. 50 ಕೆಜಿ ಮೂಟೆ ಹೆಗಲಿಗೆ ಹಾಕಿಕೊಂಡು ಹಲಗೆ ಹತ್ತುವವರಿಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಅವತ್ತು ಉಳಿದ ಸಮಯವೆಲ್ಲ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಸುಮ್ಮನೆ ಮಲಗಿದ್ದರೂ ದೇಹ ಒಂದಷ್ಟು ಶಕ್ತಿ ಖರ್ಚು ಮಾಡುತ್ತದೆ. ಅದಕ್ಕೆ ಹೆಚ್ಚಿನ ಆ್ಯಪ್‌ಗಳು ಬಳಸುವುದು 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ತೂಕವನ್ನು 10ರಿಂದ, ಸೆಂ.ಮೀ. ಲೆಕ್ಕದ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು, ವಯಸ್ಸಿನ ಐದು ಪಟ್ಟು ಕಳೆಯಬೇಕು. ಗಂಡಸರಾದರೆ ಕೊನೆಗೆ 5 ಸೇರಿಸಬೇಕು, ಹೆಂಗಸರಾದರೆ 161 ಕಳೆಯಬೇಕು. ಇವರಿಗೆ ಸುಮಾರು 1,590 ಬಂತು. ವ್ಯಾಯಾಮ ಇಲ್ಲ ಅಂದಿದ್ದಕ್ಕೆ ಆ್ಯಪ್ ಅದನ್ನು 1.2ರಿಂದ ಗುಣಿಸಿ 1,910 ಮಾಡಿತ್ತು. ತೂಕ ಇಳಿಸಬೇಕು ಅಂದಿದ್ದಕ್ಕೆ ಅದರಲ್ಲಿ 500 ಕಿತ್ತುಕೊಂಡಿತ್ತು. ಮಲಗಿದ್ದರೆ ಬೇಕಾಗುವುದಕ್ಕಿಂತಲೂ ಕಡಿಮೆ ತಿಂದು ಈ ಮನುಷ್ಯ ಲಾರಿ ಲೋಡ್ ಮಾಡುತ್ತಿದ್ದರು!

ಆಮೇಲೆ ಅವರ ದಿನವನ್ನು ಅವರ ಬಾಯಿಂದಲೇ ಹೇಳಿಸಿದೆ. ನಿದ್ದೆ 8 ಗಂಟೆ. ಕೆಲಸದಲ್ಲಿ 8 ಗಂಟೆ ಇದ್ದರೂ ಹೆಗಲ ಮೇಲೆ ಭಾರ ಇರುವುದು ಎಲ್ಲ ಸೇರಿ 3 ಗಂಟೆ. ಉಳಿದ 5 ಗಂಟೆ ಲಾರಿ ಕಾಯುವುದು, ಚೀಲ ಹೊಲಿಯುವುದು, ಗುಡಿಸುವುದು, ಟೀ. ಹೋಗಿ ಬರುವ ನಡಿಗೆ 1 ಗಂಟೆ. ಮನೆಯಲ್ಲಿ 7 ಗಂಟೆ. ಯಾವ ಕೆಲಸಕ್ಕೆ ಸುಮ್ಮನೆ ಮಲಗಿದಾಗಿನ ಖರ್ಚಿನ ಎಷ್ಟು ಪಟ್ಟು ಶಕ್ತಿ ಬೇಕು ಅಂತ ನೋಡಿದೆವು: ನಿದ್ದೆಗೆ 1, ಮನೆಯ ಹೊತ್ತಿಗೆ 1.5, ಹಗುರ ಕೆಲಸಕ್ಕೆ 2, ನಡಿಗೆಗೆ 3, ಮೂಟೆ ಹೊರುವುದಕ್ಕೆ 6 ಅಂತ ಅಂದಾಜು ಹಾಕಿ, ಗಂಟೆಗಳಿಂದ ಗುಣಿಸಿ, ಕೂಡಿಸಿ, 24ರಿಂದ ಭಾಗಿಸಿದೆವು. 2.06 ಬಂತು. 1,590ಕ್ಕೆ ಅದನ್ನು ಗುಣಿಸಿದರೆ ಸುಮಾರು 3,300.

ಅವರು ನಂಬಲಿಲ್ಲ. ‘ಇಷ್ಟು ತಿಂದ್ರೆ ಹೊಟ್ಟೆ ಬರಲ್ವಾ?’ ಅಂದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2020ರ ಪಟ್ಟಿ ತೋರಿಸಿದೆ. 65 ಕೆಜಿ ತೂಕದ ಗಂಡಸಿಗೆ ಕೂತು ಮಾಡುವ ಕೆಲಸವಾದರೆ 2,110, ಮಧ್ಯಮ ಕೆಲಸಕ್ಕೆ 2,710, ಭಾರಿ ಕೆಲಸಕ್ಕೆ 3,470. ಅದನ್ನು ಅವರು ಎರಡೆರಡು ಸಲ ಓದಿದರು. ಹೆಂಡತಿ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಆಪ್ತಸಲಹೆ ಮಾಡುವವರಿಗೆ ಮುದ್ದೆ ಲೆಕ್ಕ ಯಾಕೆ ಅಂತ ನಮ್ಮ ವೃತ್ತಿಯವರೇ ಕೆಲವರು ಕೇಳುತ್ತಾರೆ. ಹಸಿದ ಮನಸ್ಸಿನ ಜೊತೆ ಸಿಟ್ಟಿನ ಬಗ್ಗೆ ಮಾತಾಡಿ ಉಪಯೋಗ ಇಲ್ಲ, ಅದಕ್ಕೆ. 1945ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಸುಮಾರು 1,570 ಕ್ಯಾಲೊರಿಯಷ್ಟೇ ಕೊಟ್ಟು ನೋಡಿದರು. ಅವರೆಲ್ಲ ಒಪ್ಪಿಕೊಂಡೇ ಬಂದವರು. ಸಣ್ಣ ಮಾತಿಗೂ ರೇಗುವುದು, ಮಂಕಾಗುವುದು, ಹಗಲೂ ರಾತ್ರಿ ಊಟದ್ದೇ ಯೋಚನೆ, ಎಲ್ಲ ಶುರುವಾಯಿತು. ನನ್ನ ಎದುರು ಕೂತಿದ್ದವರ ಆ್ಯಪ್ ಹೇಳಿದ್ದು ಅದಕ್ಕಿಂತಲೂ ಕಡಿಮೆ, ಮೇಲೆ ಮೂಟೆ ಬೇರೆ. ಬೆಲ್ಲದ ಡಬ್ಬಿಗೆ ಕೈ ಹಾಕಿದ್ದು ಅವರ ಮನಸ್ಸು ದುರ್ಬಲ ಅಂತಲ್ಲ. ಅದನ್ನು ಹೆಂಡತಿಯ ಎದುರೇ ಹೇಳಿದೆ, ಬೇಕಂತಲೇ. ಮಗುವಿನ ಮೇಲೆ ಕೈ ಎತ್ತಿದ್ದಕ್ಕೆ ಹಸಿವು ನೆಪ ಆಗಲ್ಲ ಅನ್ನುವುದನ್ನೂ ಅಷ್ಟೇ ನೇರವಾಗಿ ಹೇಳಿದೆ. ಅದರ ಬಗ್ಗೆ ಮುಂದಿನ ಭೇಟಿಗಳಲ್ಲಿ ಬೇರೆಯೇ ಮಾತಾಡಿದೆವು.

ಕೊಟ್ಟ ಸಲಹೆ ಇಷ್ಟು. ತಟ್ಟೆಗೆ ಹಾಕಿದ ಮುದ್ದೆ ಪೂರ್ತಿ ತಿನ್ನಬೇಕು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 320ರ ಆಸುಪಾಸು ಕ್ಯಾಲೊರಿ ಇರುತ್ತದೆ, ಅರ್ಧ ವಾಪಸ್ ಹಾಕಿದರೆ 160 ಹೋಯಿತು. ಬರೀ ಕಾಫಿ ಕುಡಿದು ಲಾರಿ ಹತ್ತಿರ ಹೋಗಬಾರದು, ರೊಟ್ಟಿಯೋ ಉಪ್ಪಿಟ್ಟೋ ತಿಂದೇ ಹೋಗಬೇಕು. ಹತ್ತು ಗಂಟೆ ಟೀ ಜೊತೆ ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ, ಅದು 170ರಷ್ಟು ಆಗುತ್ತದೆ, ಜೊತೆಗೆ ಬಾಳೆಹಣ್ಣು. ಮಧ್ಯಾಹ್ನ, ರಾತ್ರಿ ಸಾರಿನಲ್ಲಿ ಹುರುಳಿಯೋ ಅವರೆಯೋ ಕಾಳು ಕಾಣಿಸುವಷ್ಟು ಇರಲಿ, ಮೊಟ್ಟೆ ಇರಲಿ. ಒಂದೇ ದಿನಕ್ಕೆ 3,300ಕ್ಕೆ ಹಾರುವುದು ಬೇಡ, ಮೊದಲ ವಾರ 2,500 ಸಾಕು, ಆಮೇಲೆ ಸ್ವಲ್ಪ ಸ್ವಲ್ಪ. ಶನಿವಾರ ಕುಡಿಯುವ 90 ಎಂಎಲ್ ಮದ್ಯದಲ್ಲೂ 200 ಕ್ಯಾಲೊರಿ ಇದೆ, ಆದರೆ ಅದನ್ನು ಊಟದ ಲೆಕ್ಕಕ್ಕೆ ತರಬೇಡಿ ಅಂದೆ. ಪೂರ್ತಿ ಊಟದ ಪಟ್ಟಿಗೆ ಆಹಾರ ತಜ್ಞರ ಹತ್ತಿರ ಕಳಿಸಿದೆ.

ಎಲ್ಲಕ್ಕಿಂತ ಮುಖ್ಯ, 3,300 ಅನ್ನುವುದು ಬರೀ ಅಂದಾಜು. ವಾರಕ್ಕೊಮ್ಮೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಅದೇ ತೂಕದ ಮಷೀನಿನಲ್ಲಿ ನೋಡಬೇಕು. ಎರಡು ಮೂರು ವಾರ ತೂಕ ಇಳಿಯುತ್ತಲೇ ಹೋದರೆ ದಿನಕ್ಕೆ 200-300 ಜಾಸ್ತಿ ತಿನ್ನಬೇಕು, ಏರುತ್ತಲೇ ಹೋದರೆ ಅಷ್ಟೇ ಕಡಿಮೆ ಮಾಡಬೇಕು. ಶುಗರ್ ಇರುವವರು, ತಿನ್ನುತ್ತಿದ್ದರೂ ತೂಕ ಇಳಿಯುತ್ತಿರುವವರು ಈ ಲೆಕ್ಕಕ್ಕೆ ಕೂರದೆ ಮೊದಲು ಡಾಕ್ಟರ್ ಹತ್ತಿರ ಹೋಗಿ.

ಇದನ್ನು ಗಂಡಸರ ವಿಷಯ ಅಂತ ಓದಬೇಡಿ. ಅದೇ 2020ರ ಪಟ್ಟಿಯಲ್ಲಿ ಭಾರಿ ಕೆಲಸ ಮಾಡುವ 55 ಕೆಜಿ ಹೆಂಗಸಿಗೆ 2,720 ಬೇಕು ಅಂತ ಇದೆ, ಬಸುರಿಯಾದರೆ ಇನ್ನೂ 350 ಸೇರಿಸಬೇಕು. ತೋಟದಲ್ಲಿ ಇಡೀ ದಿನ ಹಣ್ಣು ಕುಯ್ದು, ಚೀಲ ಹೊತ್ತು ಇಳಿಜಾರು ಹತ್ತಿ, ಮನೆಗೆ ಬಂದು ಸೌದೆ, ನೀರು, ಅಡುಗೆ ಮುಗಿಸಿ, ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ತಿನ್ನುವ ಎಷ್ಟೋ ಹೆಂಗಸರು ‘ಸುಸ್ತು ಮೇಡಂ, ಬೇಜಾರು’ ಅಂತ ನನ್ನ ಹತ್ತಿರ ಬರುತ್ತಾರೆ. ಅವರಿಗೂ ಮೊದಲು ನಾನು ಕೇಳುವುದು ನಿನ್ನೆ ಏನೇನು ತಿಂದಿರಿ, ಯಾವಾಗ ತಿಂದಿರಿ ಅಂತಲೇ.

ಇವರ ವಿಷಯಕ್ಕೆ ಬಂದರೆ, ನಿದ್ದೆ ಮೊದಲು ಸರಿಹೋಯಿತು, ಸಿಟ್ಟು ನಿಧಾನಕ್ಕೆ. ಹೊಟ್ಟೆ ಕರಗಿಸುವ ಆಸೆ ಇನ್ನೂ ಇದೆ, ಇರಲಿ, ಅದು ತಪ್ಪಲ್ಲ. ಮೂಟೆ ಜಾಸ್ತಿ ಇರುವ ತಿಂಗಳಲ್ಲಿ ಬೇಡ ಅಂದಿದ್ದೇನೆ ಅಷ್ಟೇ. ಮಳೆಗಾಲದಲ್ಲಿ ಲಾರಿ ಕಡಿಮೆ, ಭಾರ ಹೊರುವ ಗಂಟೆಗಳೂ ಕಡಿಮೆ. ಆಗಲೂ 3,300 ತಿಂದರೆ ಹೊಟ್ಟೆ ಬಂದೇ ಬರುತ್ತದೆ. ಜೂನ್‌ನಲ್ಲಿ ಮತ್ತೆ ಬನ್ನಿ, 24 ಗಂಟೆಯ ಲೆಕ್ಕ ಹೊಸದಾಗಿ ಹಾಕಿ, ಬಂದ ಸಂಖ್ಯೆಯಿಂದ 300 ಮಾತ್ರ ಕಳೆಯೋಣ ಅಂತ ಹೇಳಿ ಕಳಿಸಿದ್ದೇನೆ.