ಜಲ್ಲಿ ಹಾದಿಗೆ ಯಾವ ಟೈರು?

ಪ್ರಶ್ನೆ: ವಾಹನಗಳ ಕಾಟವಿಲ್ಲದ ಕಾಡುದಾರಿ, ಹೊಳೆದಂಡೆಯ ಜಲ್ಲಿ ಹಾದಿಯಲ್ಲಿ ಸೈಕಲ್ ಹೊಡೆಯುವ ಆಸೆ. ನನ್ನ ರೋಡ್ ಬೈಕಿಗೆ (ಡಾಂಬರು ರಸ್ತೆಗೆಂದು ಮಾಡಿದ ಸೈಕಲ್) 25 ಮಿ.ಮೀ. ಟೈರು ಇದೆ. ಸಾಕಾಗುತ್ತದೆಯೇ?

ಉತ್ತರ: ಒಣಗಿ ಗಟ್ಟಿಯಾದ ಹಾದಿಯಲ್ಲಿ ಹೇಗೋ ನಡೆಯುತ್ತದೆ. ಸಡಿಲ ಜಲ್ಲಿಯಲ್ಲಿ ಕಷ್ಟ. ನಾನು ಬಳಸುವುದು 40 ಮಿ.ಮೀ. ಅಷ್ಟು ದಪ್ಪದ್ದು ನಿಮ್ಮ ಫ್ರೇಮು, ಫೋರ್ಕಿನಲ್ಲಿ (ಮುಂದಿನ ಚಕ್ರ ಹಿಡಿಯುವ ಕವಲು) ಕೂರುತ್ತದೆಯೇ ಎಂದು ಮೊದಲು ನೋಡಿ.

ಇನ್ನು ಗಾಳಿ. ತುಂಬಾ ಜನ ಸುಮ್ನೆ ಕಲ್ಲಿನಂತೆ ಗಟ್ಟಿ ಮಾಡಿಕೊಳ್ಳುತ್ತಾರೆ. ಟೈರು ಸ್ವಲ್ಪ ಬಗ್ಗಿದರೆ ತಾನೇ ಹಿಡಿತ ಸಿಗುವುದು, ಅಲ್ವಾ? ನನ್ನ ತೂಕ 70 ಕೆ.ಜಿ. ಟ್ಯೂಬ್‌ಲೆಸ್ ಟೈರಿಗೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಹಾಕುತ್ತೇನೆ, ಹಿಂದಿನದಕ್ಕೆ ತುಸು ಜಾಸ್ತಿ. ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ. ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಪಂಕ್ಚರ್ ಆಗುತ್ತದೆ.

ಒದ್ದೆ ಬೇರುಗಳನ್ನು ಓರೆಯಾಗಿ ಹತ್ತಿಸಬೇಡಿ, ನೇರವಾಗಿ ದಾಟಿ. ಅವುಗಳ ಮೇಲೆ ಬ್ರೇಕ್ ಬೇಡವೇ ಬೇಡ. ಹೊಳೆದಂಡೆಯಲ್ಲಿ ನಡೆಯುವವರೂ ಇರುತ್ತಾರೆ, ಬೆಲ್ ಹಾಕಿಸಿಕೊಳ್ಳಿ.