ತಪ್ಪೇ ಮಾಡದೆ 'ಸಾರಿ' ಯಾಕೆ?

ಪ್ರಶ್ನೆ: ಹೋದ ತಿಂಗಳು ನಮ್ಮ ತಂದೆ ತೀರಿಕೊಂಡರು. ಜೊತೆಯಲ್ಲಿ ಕೆಲಸ ಮಾಡುವ, ಮನೆಮಾತು ಇಂಗ್ಲಿಷ್ ಆಗಿರುವ ಒಬ್ಬರು ಫೋನ್ ಮಾಡಿ 'ಐ ಆ್ಯಮ್ ಸೋ ಸಾರಿ' ಅಂದರು. ನಾನು ಗಡಿಬಿಡಿಯಲ್ಲಿ 'ಇಟ್ಸ್ ಓಕೆ, ನಾಟ್ ಯುವರ್ ಫಾಲ್ಟ್' ಅಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಾನು ಏನು ಹೇಳಬೇಕಿತ್ತು?

ಉತ್ತರ: 'ಥ್ಯಾಂಕ್ ಯು' ಅಂದಿದ್ದರೆ ಸಾಕಿತ್ತು. ಆದರೆ ಅದಕ್ಕಾಗಿ ಕೊರಗಬೇಡಿ. ಅಂಥ ಹೊತ್ತಿನಲ್ಲಿ ಯಾರೂ ನಿಮ್ಮ ಮಾತನ್ನು ತೂಗಿ ನೋಡುವುದಿಲ್ಲ.

ನೀವು ಎಡವಿದ ಜಾಗದಲ್ಲೇ ನಾನು ಮುಗ್ಗರಿಸಿ ಬಿದ್ದವಳು. ಕೆಲಸಕ್ಕೆ ಸೇರಿದ ಹೊಸದು. ಇಂಗ್ಲಿಷ್ ಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡಬೇಕಿತ್ತು. ಒಂದರಲ್ಲಿ 'ಐ ಆ್ಯಮ್ ಸಾರಿ ಅಬೌಟ್ ಯುವರ್ ಹಸ್ಬೆಂಡ್' ಅಂತ ಇತ್ತು. ನಾನು ಸ್ವಲ್ಪವೂ ಯೋಚಿಸದೆ 'ನಿಮ್ಮ ಯಜಮಾನರ ವಿಷಯದಲ್ಲಿ ತಪ್ಪಾಯಿತು, ಕ್ಷಮಿಸಿ' ಎಂದು ಬರೆದೆ. ತಿದ್ದುತ್ತಿದ್ದ ಹಿರಿಯರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ಪಕ್ಕದಲ್ಲಿ 'ಕೊಂದಿದ್ದು ಇವನೇನಾ?' ಅಂತ ಬರೆದು ವಾಪಸ್ ಕಳಿಸಿದರು.

'ಸಾರಿ' ಅಂದರೆ 'ಕ್ಷಮಿಸಿ' ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆ ಪದದ ಹೊಟ್ಟೆಯಲ್ಲಿರುವುದು ಕ್ಷಮೆಯಲ್ಲ, ನೋವು. ಹಳೆಯ ಇಂಗ್ಲಿಷಿನಲ್ಲಿ ಅದು 'ಸಾರಿಗ್'. ನೋವು ಅನ್ನುವ ಅರ್ಥದ 'ಸಾರ್'ನಿಂದ ಹುಟ್ಟಿದ್ದು. ಗಂಟಲು ನೋವಿಗೆ 'ಸೋರ್ ಥ್ರೋಟ್' ಅಂತೀವಲ್ಲ, ಆ 'ಸೋರ್' ಇದರ ಒಡಹುಟ್ಟು. ದುಃಖ ಅನ್ನುವ ಅರ್ಥದ 'ಸಾರೋ' ಮಾತ್ರ ಬೇರೆ ಮನೆಯದು. ಮುಖ ಒಂದೇ ಥರ, ಅಷ್ಟೆ.

ನಿಮ್ಮ ಜೊತೆಯವರು ಹೇಳಿದ್ದು 'ಕೇಳಿ ತುಂಬಾ ಬೇಜಾರಾಯ್ತು' ಅಂತ. ನಮ್ಮಲ್ಲಿ ಇದಕ್ಕೆ ಬೇರೆ ಮಾತು, 'ತಪ್ಪಾಯ್ತು' ಅನ್ನುವುದಕ್ಕೆ ಬೇರೆ ಮಾತು. ಇಂಗ್ಲಿಷಿನಲ್ಲಿ ಎರಡೂ ಕೆಲಸಕ್ಕೆ ಒಂದೇ ಆಳು. ಇದರಿಂದ ತೊಂದರೆಯೂ ಇದೆ, ಅನುಕೂಲವೂ ಇದೆ. 2001ರ ಏಪ್ರಿಲ್ 1ರಂದು ಚೀನಾದ ಹೈನಾನ್ ದ್ವೀಪದ ಹತ್ತಿರ ಅಮೆರಿಕದ ಬೇಹುಗಾರಿಕೆ ವಿಮಾನಕ್ಕೂ ಚೀನಾದ ಯುದ್ಧವಿಮಾನಕ್ಕೂ ಡಿಕ್ಕಿಯಾಯಿತು. ಚೀನಾದ ಪೈಲಟ್ ಸತ್ತರು. ಅಮೆರಿಕದ ವಿಮಾನ ಹೇಗೋ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 24 ಮಂದಿಯನ್ನು ಚೀನಾ ಹಿಡಿದಿಟ್ಟುಕೊಂಡು, ಕ್ಷಮೆ ಕೇಳಿ ಅಂತ ಪಟ್ಟು ಹಿಡಿಯಿತು. ಏಪ್ರಿಲ್ 11ರಂದು ಅಮೆರಿಕ ಕೊಟ್ಟ ಪತ್ರದಲ್ಲಿ ಎರಡು ಕಡೆ 'ವೆರಿ ಸಾರಿ' ಅಂತ ಇತ್ತು. 'ಅಪಾಲಜಿ' ಅನ್ನುವ ಪದ ಹುಡುಕಿದರೂ ಇರಲಿಲ್ಲ. ಕ್ಷಮೆ ಕೇಳಿದರು ಅಂತ ಚೀನಾ ತನ್ನ ಜನರಿಗೆ ಹೇಳಿತು. ನಾವೇನೂ ಕ್ಷಮೆ ಕೇಳಿಲ್ಲ ಅಂತ ಅಮೆರಿಕ ತನ್ನವರಿಗೆ ಹೇಳಿತು. 24 ಮಂದಿ ಮನೆ ಸೇರಿದರು.

ಸಮಾನಪದ ಅಂತ ನಿಘಂಟು ಕೊಡುವ ಪದಗಳು ನಿಜಕ್ಕೂ ಸಮಾನ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 'ಐ ಅಪಾಲಜೈಸ್' ಅಂದರೆ ತಪ್ಪು ನನ್ನದೇ ಅಂತ ಒಪ್ಪಿಕೊಂಡ ಹಾಗೆ. ಸಾವಿನ ಮನೆಯಲ್ಲಿ ಅದನ್ನು ಹೇಳಲೇಬೇಡಿ. 'ರಿಗ್ರೆಟ್' ಆಫೀಸಿನ ಪದ. ಕೆಲಸ ಕೊಡಲ್ಲ ಅನ್ನುವ ಪತ್ರ 'ವಿ ರಿಗ್ರೆಟ್ ಟು ಇನ್ಫಾರ್ಮ್ ಯು' ಅಂತ ಶುರುವಾಗುತ್ತದೆ. ಬರೆದವರಿಗೇನೂ ರಾತ್ರಿ ನಿದ್ದೆ ಕೆಟ್ಟಿರುವುದಿಲ್ಲ. ಅಂದಹಾಗೆ 'ಅಪಾಲಜಿ'ಯ ಮೂಲವಾದ ಗ್ರೀಕಿನ 'ಅಪೊಲೊಜಿಯಾ'ಗೆ ತನ್ನ ಪರವಾಗಿ ವಾದ ಮಾಡುವುದು ಅಂತ ಅರ್ಥ. 'ಸಾರಿ, ಆದ್ರೆ ನೀನು ಅವತ್ತು ಹಾಗಂದಿದ್ದಕ್ಕೇ ಅಲ್ವಾ ನಾನು…' ಅಂತ ಎಳೆಯುವವರು ಗ್ರೀಕ್ ಓದದೆಯೇ ಹಳೆಯ ಅರ್ಥವನ್ನು ಉಳಿಸಿಕೊಂಡು ಬಂದಿದ್ದಾರೆ.

ಪ್ರಶ್ನೆ: ಗುಂಪಿನಲ್ಲಿ ದಾರಿ ಬಿಡಿಸಿಕೊಳ್ಳಲು 'ಸಾರಿ' ಅನ್ನಬೇಕಾ, 'ಎಕ್ಸ್‌ಕ್ಯೂಸ್ ಮಿ' ಅನ್ನಬೇಕಾ?

ಉತ್ತರ: ದಾರಿ ಕೇಳುವಾಗ 'ಎಕ್ಸ್‌ಕ್ಯೂಸ್ ಮಿ'. ಕಾಲು ತುಳಿದ ಮೇಲೆ 'ಸಾರಿ'. ಬ್ರಿಟನ್ನಿನವರು ಎರಡಕ್ಕೂ 'ಸಾರಿ' ಅನ್ನುವುದುಂಟು. ಮಾತು ಕೇಳಿಸದಿದ್ದಾಗ ದನಿ ಏರಿಸಿ 'ಸಾರಿ?' ಅಂದರೆ 'ಏನಂದ್ರಿ?' ಅಂತ. ಆಗ ದನಿ ಇಳಿಸಿಬಿಟ್ಟರೆ ಎದುರಿನವರು ಮಾತು ಮತ್ತೆ ಹೇಳುವುದಿಲ್ಲ, ಯಾಕೆ ಸಾರಿ ಅಂದರು ಅಂತ ಸುಮ್ನೆ ಮುಖ ನೋಡುತ್ತಾರೆ.

ಪ್ರಶ್ನೆ: ನಮ್ಮ 'ಒಂದು ಸಾರಿ'ಗೂ ಇದಕ್ಕೂ ಏನಾದರೂ ಸಂಬಂಧ?

ಉತ್ತರ: ಇಲ್ಲ. 'ಒಂದ್ ಸಾರಿ ಸಾರಿ ಅಂದ್ರೆ ಸಾಕು' ಅನ್ನುವಾಗ ಮಾತ್ರ ಅಕ್ಕಪಕ್ಕ ಕೂರುತ್ತವೆ.

ಪ್ರಶ್ನೆ: 'ಸಾರಿ' ಆದ ಮೇಲೆ 'ಫಾರ್' ಬರಬೇಕಾ, 'ಅಬೌಟ್' ಬರಬೇಕಾ, 'ಟು' ಬರಬೇಕಾ?

ಉತ್ತರ: ನೀವೇ ಮಾಡಿದ ಕೆಲಸಕ್ಕೆ 'ಫಾರ್': 'ಸಾರಿ ಫಾರ್ ಶೌಟಿಂಗ್'. ಆಗಿಹೋದ ಸಂಗತಿಗೆ 'ಅಬೌಟ್': 'ಸಾರಿ ಅಬೌಟ್ ದ ನಾಯ್ಸ್'. ಈಗ ಮಾಡುತ್ತಿರುವುದಕ್ಕೆ ಅಥವಾ ಈಗ ತಾನೇ ಕೇಳಿದ್ದಕ್ಕೆ 'ಟು': 'ಸಾರಿ ಟು ಡಿಸ್ಟರ್ಬ್ ಯು', 'ಸಾರಿ ಟು ಹಿಯರ್ ದಟ್'. 'ಫಾರ್' ಮತ್ತು 'ಅಬೌಟ್' ಅದಲುಬದಲಾದರೆ ಜಾಸ್ತಿ ಏನೂ ಕೆಡುವುದಿಲ್ಲ.

ಹುಷಾರಾಗಿರಬೇಕಾದ್ದು ಬೇರೆ ಕಡೆ. 'ಸಾರಿ ಫಾರ್ ಯುವರ್ ಲಾಸ್' ಸಾಂತ್ವನದ ಮಾತು. 'ಐ ಫೀಲ್ ಸಾರಿ ಫಾರ್ ಯು' ಅಂದರೆ 'ನಿನ್ನನ್ನು ನೋಡಿದ್ರೆ ಪಾಪ ಅನ್ಸುತ್ತೆ'. ಹೇಳುವ ದನಿ ಚೂರು ಗಡುಸಾದರೂ ಚುಚ್ಚುಮಾತು. ಬರೆದು ಕಳಿಸುವ ಮೆಸೇಜಿನಲ್ಲಿ ದನಿಯೇ ಇರುವುದಿಲ್ಲ. ಅಲ್ಲಿ ಇದನ್ನು ಬಳಸಲೇಬೇಡಿ.